ಕನ್ನಡಿಯಕ್ಕ ಮತ್ತು ಅಯಸ್ಕಾಂತದ ಚಕ್ರ

ಅವಳ ನಿಜವಾದ ಹೆಸರು ಕಾರ್ಖಾನೆಯಲ್ಲಿ ಹಾಜರಿ ಯಂತ್ರಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಕನ್ನಡಿಯಕ್ಕ. ದೂರದರ್ಶಕಗಳಿಗೆ, ಆಸ್ಪತ್ರೆಯ ಉಪಕರಣಗಳಿಗೆ, ಆಕಾಶಕ್ಕೇರುವ ಕ್ಯಾಮೆರಾಗಳಿಗೆ ಬೇಕಾದ ಮಸೂರಗಳನ್ನೂ ಕನ್ನಡಿಗಳನ್ನೂ ಮಾಡುವ ಕಾರ್ಖಾನೆ ಅದು. ಗಾಜಿನ ದಪ್ಪ ಬಿಲ್ಲೆಗಳು ಒಂದು ತುದಿಯ ಬಾಗಿಲಿನಿಂದ ಒಳಗೆ ಬಂದು, ಅರೆಸಿಕೊಂಡು, ತಿಕ್ಕಿಸಿಕೊಂಡು, ತಿಂಗಳುಗಟ್ಟಲೆ ಹತ್ತಾರು ಕೈ ದಾಟಿ ಕಡೆಗೆ ಅವಳ ಮುಂದೆ ಬಂದು ನಿಲ್ಲುತ್ತಿದ್ದವು. ಅವಳ ಕೈ ದಾಟಿದ ಮೇಲೆ ಆ ಗಾಜಿನ ಮುಖವನ್ನು ಮತ್ತೆ ಯಾರೂ ಮುಟ್ಟುವಂತಿರಲಿಲ್ಲ.

ಸೇರಿದಾಗ ಅವಳಿಗೆ ಕೊಟ್ಟಿದ್ದು ತೊಳೆಯುವ ಕೆಲಸ. ಆಮೇಲೆ ಒರಟು ಅರೆತ, ಆಮೇಲೆ ಅರಗಿನ ಹಾಸಿನ ಮೇಲೆ ಗಾಜನ್ನಿಟ್ಟು ಕೈಯಿಂದಲೇ ತಿಕ್ಕುವ ಕೆಲಸ. ಆ ದಿನಗಳಲ್ಲಿ ಅವಳ ಉಗುರಿನ ಸಂದಿಯಿಂದ ಮೆರುಗಿನ ಕೆಂಪು ಪುಡಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಗಂಡ, "ನಿನ್ನ ಕೈ ಹಿಡಿದೆ ಅಂತ ಊರಿಗೆಲ್ಲ ಗೊತ್ತಾಗ್ಲಿ ಅಂತಾನೇ ಹೀಗೆ ಮಾಡ್ಕೊಂಡಿದ್ಯಾ?" ಎಂದು ತನ್ನ ಬಿಳಿ ಅಂಗಿಯ ತೋಳಿಗೆ ಹತ್ತಿದ ಕೆಂಪು ತೋರಿಸಿ ರೇಗಿಸುತ್ತಿದ್ದ. ಕೊನೆಗೆ ಅಯಸ್ಕಾಂತದ ಯಂತ್ರ ಬಂತು. ಅದನ್ನು ಕಲಿಯಲು ಕಳಿಸಿದ ಇಬ್ಬರಲ್ಲಿ ಒಬ್ಬ ಬೇರೆ ಕೆಲಸ ಹಿಡಿದು ಹೋದ, ಇವಳು ಉಳಿದಳು. ಯಂತ್ರವೂ ಇವಳೂ ಒಟ್ಟಿಗೆ ಹಳಬರಾದರು.

ನೋಡಲು ಅದೊಂದು ದೊಡ್ಡ ಬಿಳಿ ಬೀರು, ಗಾಜಿನ ಬಾಗಿಲಿನದು. ಒಳಗೊಂದು ತಿರುಗುವ ಚಕ್ರ, ಚಕ್ರದ ಹೊಟ್ಟೆಯಲ್ಲಿ ಅಯಸ್ಕಾಂತ. ಕಬ್ಬಿಣದ ಹಿಟ್ಟು, ಗಾಜನ್ನು ಸವೆಸಿ ಮೆರುಗು ಕೊಡುವ ಪುಡಿ, ನೀರು ಇಷ್ಟನ್ನು ಬೆರೆಸಿದ ಬೂದು ಬಣ್ಣದ ದ್ರವ ಕೊಳವೆಯ ಮೂತಿಯಿಂದ ಚಕ್ರದ ಮೇಲೆ ಸುರಿಯುತ್ತದೆ. ಸುರಿಯುವಾಗ ಅದು ತೆಳು ಕೆಸರು. ಅಯಸ್ಕಾಂತದ ಎದುರಿಗೆ ಬಂದ ಕ್ಷಣ ಒಳಗಿನ ಕಬ್ಬಿಣದ ಕಣಗಳು ಒಂದರ ಕೈ ಇನ್ನೊಂದು ಹಿಡಿದು ಸರಪಳಿ ಕಟ್ಟುತ್ತವೆ. ಕೆಸರು ಬಿಗಿದುಕೊಂಡು ಚಕ್ರದ ಬೆನ್ನಿನ ಮೇಲೆ ಗಟ್ಟಿ ಪಟ್ಟಿಯಾಗುತ್ತದೆ. ಮುಖ ಕೆಳಗೆ ಮಾಡಿ ತೂಗುಹಾಕಿದ ಕನ್ನಡಿ ಆ ಪಟ್ಟಿಗೆ ತಗಲಿಯೂ ತಗಲದಂತೆ ಸವರಿಕೊಂಡು ಸಾಗುತ್ತದೆ. ಅಯಸ್ಕಾಂತ ದಾಟಿದ್ದೇ ತಡ, ಪಟ್ಟಿ ಮತ್ತೆ ಕೆಸರಾಗಿ ಹಿಂದಿರುಗುತ್ತದೆ. ಅದು ಸವರಿ ತೆಗೆಯುವುದು ಕೂದಲೆಳೆಯ ದಪ್ಪದಲ್ಲಿ ಸಾವಿರದಲ್ಲೊಂದು ಪಾಲು. "ಬೆಕ್ಕು ಮರಿಯನ್ನ ನೆಕ್ಕಿದ ಹಾಗೆ" ಎಂದು ಅವಳು ಹೊಸಬರಿಗೆ ಹೇಳುತ್ತಿದ್ದಳು.

ಎಲ್ಲಿ ಎಷ್ಟು ನೆಕ್ಕಬೇಕೆಂಬುದನ್ನು ಯಂತ್ರಕ್ಕೆ ಹೇಳುವುದು ಒಂದು ಚಿತ್ರ. ಪಕ್ಕದ ಕೋಣೆಯಲ್ಲಿ ಕನ್ನಡಿಯ ಮುಖವನ್ನು ಬೆಳಕಿನಿಂದ ಅಳೆದು, ಉಬ್ಬಿದ್ದಲ್ಲಿ ಕೆಂಪು, ತಗ್ಗಿದ್ದಲ್ಲಿ ನೀಲಿ ಕಾಣುವ ಚಿತ್ರವನ್ನು ತೆಗೆದು ಕಳಿಸುವವನು ಅಳತೆಯಣ್ಣ. ನಿವೃತ್ತಿಯ ಅಂಚಿನಲ್ಲಿದ್ದ, ಬಾಯಿ ಸುಮ್ಮನಿರದ ಮನುಷ್ಯ. ಯಂತ್ರ ಕೆಂಪಿನ ಮೇಲೆ ನಿಧಾನವಾಗಿ, ನೀಲಿಯ ಮೇಲೆ ಬೇಗಬೇಗ ಸಾಗಬೇಕು. ಆದರೆ ಅಲ್ಲೊಂದು ತೊಡಕಿತ್ತು. ಅಳತೆ ಕೋಣೆಯಲ್ಲಿ ಕನ್ನಡಿ ಎದುರಿಗೆ ಮುಖ ಕೊಟ್ಟು ನಿಲ್ಲುತ್ತದೆ, ಯಂತ್ರದಲ್ಲಿ ಮುಖ ಕೆಳಗೆ ಹಾಕಿ ತೂಗುತ್ತದೆ, ಎಡಗಡೆಯದು ಬಲಗಡೆಗಾಗುತ್ತದೆ. ಆದ್ದರಿಂದ ಯಂತ್ರಕ್ಕೆ ಉಣಿಸುವ ಮೊದಲು ಚಿತ್ರವನ್ನು ಎಡಬಲ ಮಗುಚಬೇಕು. ಒಂದು ಸಲ, ಒಂದೇ ಸಲ. ತಪ್ಪಿದರೆ ಯಂತ್ರ ಉಬ್ಬನ್ನು ಬಿಟ್ಟು ತಗ್ಗನ್ನೇ ನೆಕ್ಕಿ ನೆಕ್ಕಿ ಹಳ್ಳ ಮಾಡುತ್ತದೆ.

ಹಿಂದೊಮ್ಮೆ ಅಳತೆಯಣ್ಣ ಉಪಕಾರವಾಗಲೆಂದು ಚಿತ್ರವನ್ನು ತಾನೇ ಮಗುಚಿ ಕಳಿಸಿದ್ದ. ಅವಳೂ ತನ್ನ ರೂಢಿಯಂತೆ ಮಗುಚಿದಳು. ಮಗುಚಿದ್ದು ಮತ್ತೆ ಮಗುಚಿ ಮೊದಲಿದ್ದಂತೆಯೇ ಆಗಿ, ಒಳ್ಳೆಯದೊಂದು ಮಸೂರ ಗುಜರಿ ಪೆಟ್ಟಿಗೆಗೆ ಹೋಯಿತು. "ಇಬ್ಬರು ಜಾಣರು ಕೂಡಿ ಮಾಡಿದ ಕೆಲಸ" ಎಂದು ಕಾರ್ಖಾನೆಯೆಲ್ಲ ನಕ್ಕಿತು. ಅಂದಿನಿಂದ ಒಂದು ಕಟ್ಟುಪಾಡು ಬಂತು: ಮಗುಚುವವಳು ಅವಳೊಬ್ಬಳೇ, ಯಂತ್ರ ಚಾಲೂ ಮಾಡುವ ಮುನ್ನ ಅಳತೆಯಣ್ಣ ನಡುವಿನ ಕಿಟಕಿಯಿಂದ ಕೂಗಿ ಕೇಳಬೇಕು, ಅವಳು ಕೂಗಿ ಉತ್ತರ ಕೊಡಬೇಕು.

"ಮಗುಚಿದ್ಯಾ ತಂಗಿ?"

"ಮಗುಚಿದೆ."

"ಎಷ್ಟು ಸಲ?"

"ಒಂದೇ ಸಲ ಅಣ್ಣಾ."

ವರ್ಷಗಟ್ಟಲೆ ಹೇಳಿ ಹೇಳಿ ಆ ಮಾತು ಬಾಯಲ್ಲೇ ಮನೆ ಮಾಡಿತ್ತು.

ಅವಳ ಎದೆಯ ತೊಂದರೆಯನ್ನು ಮೊದಲು ಕಂಡವಳು ನಾದಿನಿ. ಗಂಡನ ತಂಗಿಯಾದ ಅವಳು ಆಸ್ಪತ್ರೆಯಲ್ಲಿ ಎದೆಬಡಿತದ ಗೆರೆ ತೆಗೆಯುವ ಕೆಲಸದಲ್ಲಿದ್ದಳು. ಮದುವೆ ಬೇಡವೆಂದು ಅಣ್ಣ ಅತ್ತಿಗೆಯ ಜೊತೆಗೇ ಇದ್ದಳು. ಒಂದು ಬೆಳಗ್ಗೆ ಅಡುಗೆಮನೆಗೆ ಬಂದಾಗ ಅತ್ತಿಗೆ ಒಲೆಯ ಮುಂದೆ ನೆಟ್ಟಗೆ ನಿಂತಿದ್ದಾಳೆ, ಕಣ್ಣು ತೆರೆದಿದೆ, ಕೈಯಲ್ಲಿ ಇಕ್ಕಳವಿದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿದು ಉರಿ ಆರಿಹೋಗಿದೆ.

"ಅತ್ತಿಗೆ! ಹಾಲು!"

"ಹಾಂ, ಇಳಿಸ್ತೀನಿ" ಎಂದಳು ಅವಳು, ಈಗ ತಾನೇ ಬಂದವಳಂತೆ.

"ಇಳಿಸೋಕೆ ಏನು ಉಳಿದಿದೆ? ಯಾವ ಲೋಕಕ್ಕೆ ಹೋಗಿದ್ದೆ?"

"ಇಲ್ಲೇ ಇದ್ದೆನಲ್ಲೇ."

"ಇಲ್ಲೇ ಇದ್ದವಳಿಗೆ ಮೂಗಿನ ಕೆಳಗಿನ ಸೀದ ವಾಸನೆ ಗೊತ್ತಾಗ್ಲಿಲ್ವಾ?" ನಾದಿನಿ ಬೈಯುತ್ತಲೇ ಅವಳ ಮಣಿಕಟ್ಟು ಹಿಡಿದಳು. ಹಿಡಿದವಳು ಬೈಯುವುದನ್ನು ನಿಲ್ಲಿಸಿದಳು. ಅದು ಕನ್ನಡಿಯಕ್ಕನಿಗೆ ಬೈಗುಳಕ್ಕಿಂತ ಹೆಚ್ಚು ಭಯ ತಂದಿತು.

ರಜೆಯ ದಿನ ನಾದಿನಿ ಅವಳ ಎದೆಗೆ ತಂತಿಗಳನ್ನು ಅಂಟಿಸಿ, ಬೆಂಕಿಪೊಟ್ಟಣದಂಥ ಪುಟ್ಟ ಪೆಟ್ಟಿಗೆಯೊಂದನ್ನು ಸೊಂಟಕ್ಕೆ ಕಟ್ಟಿದಳು. ಅದು ದಿನವಿಡೀ ಬರೆದುಕೊಂಡದ್ದನ್ನು ನೋಡಿ ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಭಯವಾದಾಗ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತದೆ ಎಂಬ ಮಾತಿದೆ. ಇವಳ ಎದೆಯಲ್ಲಿ ಕುಟ್ಟುತ್ತಿದ್ದವಳು ನಡುನಡುವೆ ಒನಕೆ ಕೆಳಗಿಟ್ಟು ಎಲ್ಲಿಗೋ ಹೋಗಿಬಿಡುತ್ತಿದ್ದಳು.

"ಪೇಸ್‌ಮೇಕರ್ ಹಾಕ್ಬೇಕು" ಎಂದರು ಡಾಕ್ಟರು. "ಭಯಪಡುವಂಥದ್ದೇನೂ ಅಲ್ಲ, ಸಣ್ಣ ಕೆಲಸ. ಆದ್ರೆ ತಡ ಮಾಡೋ ಹಾಗಿಲ್ಲ. ಏನು ಕೆಲಸ ಮಾಡ್ತೀರಿ?"

ಅವಳು ಹೇಳಿದಳು. ಡಾಕ್ಟರು ಅಯಸ್ಕಾಂತ ಎಂಬ ಮಾತು ಬಂದಾಗ ತಲೆಯೆತ್ತಿದರು.

"ಅದರ ಹತ್ತಿರ ಇನ್ನು ಹೋಗೋ ಹಾಗಿಲ್ಲ. ಅಯಸ್ಕಾಂತ ಪೇಸ್‌ಮೇಕರನ್ನ ದಾರಿ ತಪ್ಪಿಸುತ್ತೆ."

"ಹತ್ತಿರ ಅಂದ್ರೆ ಎಷ್ಟು ಹತ್ತಿರ ಡಾಕ್ಟ್ರೇ?"

"ಈಗ ನಿಲ್ತೀರಲ್ಲ, ಅಷ್ಟು ಹತ್ತಿರ ಅಂತೂ ಅಲ್ಲ."

ಯಂತ್ರದ ಬಾಗಿಲಿನ ಮೇಲೆ ಒಂದು ಹಳದಿ ಚೀಟಿ ಅಂಟಿತ್ತು: ಹೃದಯದ ಚಿತ್ರ, ಅದರ ಮೇಲೊಂದು ಕೆಂಪು ಅಡ್ಡಗೆರೆ. ಪ್ರತಿ ಬೆಳಗ್ಗೆ ಬಾಗಿಲು ಒರೆಸುವಾಗ ಅವಳು ಅದನ್ನೂ ಒರೆಸುತ್ತಿದ್ದಳು. ಅದು ಯಾರಿಗಾಗಿ ಬರೆದದ್ದೆಂದು ಯೋಚಿಸುವ ಅಗತ್ಯ ಒಂದು ದಿನವೂ ಬಂದಿರಲಿಲ್ಲ.

ಆಗ ಅವಳ ಯಂತ್ರದಲ್ಲಿದ್ದದ್ದು ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದಾದ ಒಂದು ಕನ್ನಡಿ. ಆಕಾಶದಿಂದ ಕಾಡಿನ ಬೆಂಕಿಯನ್ನು ಹೊಗೆ ಏಳುವ ಮೊದಲೇ ಕಾಣುವ ಕ್ಯಾಮೆರಾಕ್ಕೆ ಅದು ಬೇಕಾಗಿತ್ತು. ಸವರಿ, ತೊಳೆದು, ಅಳೆದು, ಮತ್ತೆ ಸವರಿ ಬಹುಮಟ್ಟಿಗೆ ಸಮವಾಗಿತ್ತು. ಕೊನೆಯ ಸುತ್ತೊಂದು ಬಾಕಿ. "ಈ ಕನ್ನಡಿ ಮುಗೀಲಿ, ಆಮೇಲೆ ಹೋಗೋಣ" ಎಂದಳು ಮನೆಯಲ್ಲಿ.

"ನಿನ್ನ ಕನ್ನಡಿಗಳು ಸಾಲಾಗಿ ನಿಂತಿವೆ ಅತ್ತಿಗೆ" ಎಂದಳು ನಾದಿನಿ. "ಒಂದು ಹೋದ್ರೆ ಇನ್ನೊಂದು ಬರುತ್ತೆ. ನಮಗೆ ಅತ್ತಿಗೆ ಒಬ್ಬಳೇ."

"ಕಾರ್ಖಾನೇಲಾದ್ರೂ ಹೇಳಿದ್ಯಾ?" ಎಂದು ಕೇಳಿದ ಗಂಡ. ಅವನು ನಗರದ ಬಸ್ಸಿನ ಚಾಲಕ; ಹೆದರಿದಾಗ ಹೆಚ್ಚು ತಮಾಷೆ ಮಾಡುವುದು ಅವನ ಸ್ವಭಾವ.

"ಹೇಳಿದ್ರೆ ಅವತ್ತೇ ಯಂತ್ರ ಬಿಡಿಸ್ತಾರೆ ರೀ."

"ನನಗೆ ಹೀಗಾಗಿದ್ರೆ? ಗಾಡಿ ಅರ್ಧ ದಾರೀಲಿದ್ರೂ ಸ್ಟೀರಿಂಗ್ ಕಿತ್ಕೊಳ್ತಿದ್ರು. ಪ್ರಯಾಣಿಕರನ್ನೆಲ್ಲ ಇಳಿಸಿ, ಕೊನೆಗೆ ನನ್ನನ್ನೂ ಇಳಿಸಿ, ನನಗೇ ಟಿಕೆಟ್ ಕೇಳ್ತಿದ್ರು."

"ನಿಮ್ಮ ಬಸ್ಸಲ್ಲಿ ಜನ ಇರ್ತಾರೆ. ನನ್ನ ಕನ್ನಡೀಲಿ ಯಾರಿದ್ದಾರೆ?"

"ನೀನಿದ್ದೀಯಲ್ಲೇ" ಎಂದ ಅವನು. ತಮಾಷೆ ಮಾಡಲು ಹೊರಟ ಮಾತು ಹಾಗೆ ಬಂದುಬಿಟ್ಟಿತು. ಅವನು ಎದ್ದು ಹೋಗಿ ಕಿಟಕಿಯ ಚಿಲಕ ಸರಿಯಿದೆಯೇ ಎಂದು ನೋಡತೊಡಗಿದ. ಅದು ಸರಿಯಾಗಿಯೇ ಇತ್ತು.

ಅವಳಿಗೆ ಸಾವಿನ ಭಯ ಇರಲಿಲ್ಲವೆಂದಲ್ಲ. ಆದರೆ ಅದು ಇನ್ನೂ ಬೀದಿಯ ಆ ತುದಿಯಲ್ಲಿ ನಿಂತ ಭಯ. ಹೊಸ್ತಿಲಲ್ಲೇ ನಿಂತಿದ್ದ ಭಯ ಬೇರೆ. ಆ ಗಾಜಿನ ಬಾಗಿಲು ತನ್ನ ಪಾಲಿಗೆ ಮುಚ್ಚಿದ ಮೇಲೆ ತಾನು ಬೆಳಗ್ಗೆ ಎದ್ದು ಎಲ್ಲಿಗೆ ಹೋಗಬೇಕು? ಕನ್ನಡಿಯಕ್ಕ ಎಂದು ಯಾರಾದರೂ ಕರೆದರೆ ಯಾವ ಮುಖದಲ್ಲಿ ಓಗೊಡಬೇಕು? ಬಿಸಿ ತುಪ್ಪ ಬಾಯಿಗೆ ಬಿದ್ದಂತಾಗಿತ್ತು. ನುಂಗಲೂ ಆಗದು, ಉಗುಳಲೂ ಆಗದು. ಹೀಗೆ ಆ ವಾರ ಕಳೆದಳು. ಮೆಟ್ಟಿಲಿಳಿಯುವಾಗ ಗೋಡೆಗೆ ಕೈ ತಾಗಿಸಿಕೊಂಡಿರುವಳು. ಬಸ್ಸಿನಲ್ಲಿ ನಿಲ್ಲದೆ ಕುಳಿತೇ ಹೋಗುವಳು. ಯಾರಾದರೂ ಮಾತಾಡುತ್ತಿರುವಾಗ, ಈಗ ಇವರು ಹೇಳಿದ್ದರಲ್ಲಿ ಏನಾದರೂ ತಪ್ಪಿಹೋಯಿತೇ ಎಂದು ಒಳಗೊಳಗೇ ಹೊಂದಿಸಿ ನೋಡುವಳು.

ಕೊನೆಯ ಸುತ್ತಿನ ಬೆಳಗ್ಗೆ ಎಲ್ಲವೂ ಎಂದಿನಂತೆಯೇ ಇತ್ತು. ಕನ್ನಡಿಯನ್ನು ತೂಗುಹಾಕಿ, ಅಂಚಿನ ಶಾಯಿಯ ಗುರುತನ್ನು ಹೊಂದಿಸಿ, ದ್ರವ ಹರಿಯಬಿಟ್ಟು, ಅಳತೆಯಣ್ಣ ಕಳಿಸಿದ ಚಿತ್ರವನ್ನು ಪರದೆಯ ಮೇಲೆ ತೆರೆದಳು. ಮಗುಚುವ ಗುಂಡಿಯ ಮೇಲೆ ಬಾಣವನ್ನು ತಂದಳು.

ಆಮೇಲೆ ಪರದೆಯ ಮೇಲೆ ಚಿತ್ರವಿರಲಿಲ್ಲ. 'ದಾರಿ ಸಿದ್ಧವಾಗಿದೆ, ಆರಂಭಿಸಲೇ?' ಎಂಬ ಪ್ರಶ್ನೆ ಇತ್ತು. ಅಂಗೈ ತಣ್ಣಗೆ ಬೆವರಿತ್ತು. ನಡುವೆ ಕೈ ಏನೇನು ಮಾಡಿತೆಂಬುದು ಕೈಗೆ ಮಾತ್ರ ಗೊತ್ತು.

"ಮಗುಚಿದ್ಯಾ ತಂಗಿ?" ಕಿಟಕಿಯಿಂದ ಕೂಗು ಬಂತು.

"ಮಗುಚಿದೆ."

"ಎಷ್ಟು ಸಲ?"

"ಒಂದೇ ಸಲ ಅಣ್ಣಾ" ಎಂದಿತು ಬಾಯಿ. ಬೆರಳು ಒತ್ತಿತು. ಕನ್ನಡಿ ಮೆಲ್ಲಗೆ ಇಳಿದು ಬೂದು ಪಟ್ಟಿಯನ್ನು ಮುಟ್ಟಿತು.

ಅವಳು ತನ್ನೊಳಗೆ ಪೂರ್ತಿ ಮರಳಿ ಬಂದದ್ದು ಆಗ. ಒತ್ತುವ ಮುನ್ನವಾಗಿದ್ದರೆ ಒಂದು ಹೆಜ್ಜೆ ಹಿಂದೆ ಹೋಗಿ ಚಿತ್ರವನ್ನು ಮತ್ತೊಮ್ಮೆ ನೋಡಬಹುದಿತ್ತು. ಆ ಗಳಿಗೆ ದಾಟಿತ್ತು. ಯಂತ್ರ ಓಡುವಾಗ ಚಿತ್ರವನ್ನು ತೆರೆಯಲು ಬಿಡುವುದಿಲ್ಲ. ನೋಡಬೇಕೆಂದರೆ ನಿಲ್ಲಿಸಬೇಕು. ನಡುವೆ ನಿಲ್ಲಿಸಿದರೆ ಸವರಿದ ಭಾಗಕ್ಕೂ ಸವರದ ಭಾಗಕ್ಕೂ ನಡುವೆ ಒಂದು ಮೆಟ್ಟಿಲು ಉಳಿಯುತ್ತದೆ, ಅದನ್ನು ಅಳಿಸಲು ಮತ್ತೆಷ್ಟೋ ಸುತ್ತು ಬೇಕು. ನಿಲ್ಲಿಸದೆ, ಮಗುಚಿದ್ದು ತಪ್ಪಾಗಿದ್ದರೆ, ಕನ್ನಡಿ ಒರಟು ಅರೆತಕ್ಕೇ ಹಿಂದಿರುಗಬೇಕು; ಎಷ್ಟೋ ಜನರ ತಿಂಗಳುಗಳ ದುಡಿಮೆ ಕೆಸರಿನಲ್ಲಿ ತೊಳೆದುಹೋಗುತ್ತದೆ. ಒಂದು ಸಲ ಒತ್ತಿದೆನೇ? ಎರಡು ಸಲವೇ? ಒತ್ತಲೇ ಇಲ್ಲವೇ?

ಉಬ್ಬಿನ ಮೇಲೆ ಯಂತ್ರ ನಿಧಾನಿಸಬೇಕಲ್ಲ, ಅದನ್ನಾದರೂ ನೋಡಿ ತಿಳಿಯೋಣವೆಂದು ಗಾಜಿನ ಬಾಗಿಲಿಗೆ ಮುಖ ತಂದಳು. ಕೊನೆಯ ಸುತ್ತಾದ್ದರಿಂದ ನಡಿಗೆಯ ವ್ಯತ್ಯಾಸ ಕಣ್ಣಿಗೆ ಸಿಗುವಷ್ಟಿರಲಿಲ್ಲ. ಕನ್ನಡಿ ಎಡಕ್ಕೂ ಬಲಕ್ಕೂ ಒಂದೇ ನಡಿಗೆಯಲ್ಲಿ ಹೋಗಿ ಬರುತ್ತಿರುವಂತೆ ಕಂಡಿತು. ಎಣಿಸಿ ನೋಡಲೆಂದು, ಬೇರೇನೂ ತೋಚದೆ, ತನ್ನದೇ ನಾಡಿಯ ಮೇಲೆ ಬೆರಳಿಟ್ಟಳು. ಎಡಕ್ಕೆ ಹೋಗುವಾಗ ಎಷ್ಟು, ಬಲಕ್ಕೆ ಬರುವಾಗ ಎಷ್ಟು. ಸ್ವಲ್ಪ ಹೊತ್ತಿನಲ್ಲಿ ಬೆರಳಿನ ಕೆಳಗೆ ಏನೂ ಇಲ್ಲದ ಒಂದು ಜಾಗ ಬಂತು. ಅವಳು ಕೈ ತೆಗೆದುಬಿಟ್ಟಳು. ಅಳೆಯುವ ಗಡಿಯಾರವೇ ಹೀಗಿದ್ದ ಮೇಲೆ ಅಳತೆ ಯಾವ ಸೀಮೆಯದು?

"ಏನು ತಂಗಿ, ಯಂತ್ರದ ಜೊತೆ ಪಂದ್ಯ ಕಟ್ಟಿದ್ಯಾ?" ಅಳತೆಯಣ್ಣ ಟೀ ಲೋಟ ಹಿಡಿದು ಹಿಂದೆ ಬಂದು ನಿಂತಿದ್ದ. "ಯಾರು ಮೊದಲು ಕಣ್ಣು ಮಿಟುಕಿಸ್ತಾರೆ ಅಂತ? ಅದಕ್ಕೆ ರೆಪ್ಪೆ ಇಲ್ಲಮ್ಮ, ನೀನೇ ಸೋಲೋದು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ ಅವಳು ಮಣಿಕಟ್ಟನ್ನು ಕೋಟಿನ ತೋಳಿನೊಳಗೆ ಎಳೆದುಕೊಂಡಳು. "ಏನಿಲ್ಲ ಅಣ್ಣ, ದ್ರವ ಹೇಗಿದೆ ಅಂತ ನೋಡ್ತಿದ್ದೆ."

"ದ್ರವಕ್ಕೇನಾಗಿದೆ? ನಿನ್ನ ಮುಖಾನೇ ಅದೇ ಬಣ್ಣಕ್ಕೆ ತಿರುಗಿದೆ. ಟೀ ಕುಡಿ ಬಾ."

"ಆಮೇಲೆ ಬರ್ತೀನಿ."

ಅವನು ಹೋದ. ಕನ್ನಡಿ ಎಡದಿಂದ ಬಲಕ್ಕೆ ಬಂತು, ಬಲದಿಂದ ಎಡಕ್ಕೆ ಹೋಯಿತು. ಪ್ರತಿ ಸಾಲು ಮುಗಿದಾಗಲೂ, ಇನ್ನೊಂದು ಸಾಲು ನೋಡೋಣ ಎಂದುಕೊಂಡಳು. ಸುಮ್ಮನಿದ್ದರೆ ಬಹುಶಃ ಎಲ್ಲ ಸರಿಯಾಗಿಯೇ ಇರುತ್ತದೆ, ಇಷ್ಟು ವರ್ಷದ ಕೈ ಅದು, ತಾನಿಲ್ಲದಾಗಲೂ ದಾರಿ ತಪ್ಪಿರಲಾರದು. ಆದರೆ ಈ ಸಲ ಸರಿಯಾದರೆ ಮುಂದಿನ ಕನ್ನಡಿಗೂ ತಾನು ಇದನ್ನೇ ಹೇಳಿಕೊಳ್ಳುವೆನೆಂದು ಅವಳಿಗೆ ಗೊತ್ತಿತ್ತು. ಮುಂದಿನದಕ್ಕೂ, ಅದರ ಮುಂದಿನದಕ್ಕೂ. ತಡ ಮಾಡುವ ಹಾಗಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು. ಬಲಗಡೆಯ ಗೋಡೆಯಲ್ಲಿದ್ದ ಕೆಂಪು ಗುಂಡಿಯನ್ನು ಒತ್ತಿದಳು.

ಚಕ್ರ ನಿಧಾನಿಸಿತು. ಕನ್ನಡಿ ಮೇಲೆದ್ದಿತು. ಸದಾ ಇರುತ್ತಿದ್ದ ಯಂತ್ರದ ಗುಂಯ್‌ ಸದ್ದು ತಗ್ಗಿದ್ದೇ ತಡ, ಪಕ್ಕದ ಕೋಣೆಗಳಿಂದ ಜನ ತಲೆ ಹಾಕಿದರು. ವಿಭಾಗದ ಮುಖ್ಯಸ್ಥೆ ಮೇಡಂ ಓಡುತ್ತಲೇ ಬಂದರು. ಅವಳಿಗಿಂತ ಚಿಕ್ಕವರು, ಕೆಲಸದಲ್ಲಿ ಕಟ್ಟುನಿಟ್ಟು.

"ಯಾಕೆ ನಿಲ್ಲಿಸಿದ್ರಿ? ಕರೆಂಟು ಹೋಯ್ತಾ?"

"ಇಲ್ಲ ಮೇಡಂ. ಮಗುಚಿದೆನೋ ಇಲ್ವೋ ಗೊತ್ತಿಲ್ಲ."

"ನಾನು ಕೇಳ್ದೆ ಮೇಡಂ" ಎಂದ ಅಳತೆಯಣ್ಣ ಅಡ್ಡ ಬಂದು. "ಒಂದೇ ಸಲ ಅಂತ ಹೇಳಿದ್ಲು. ನನಗೆ ಕೂದಲು ಉದುರಿರಬಹುದು, ಕಿವಿ ಉದುರಿಲ್ಲ."

"ಹೇಳಿದೆ ಅಣ್ಣ. ಬಾಯಿ ಹೇಳ್ತು. ನಾನು ಇರ್ಲಿಲ್ಲ."

"ಇರ್ಲಿಲ್ಲ ಅಂದ್ರೆ?" ಎಂದರು ಮೇಡಂ.

ಅವಳು ಹೇಳಿದಳು: ಹಾಲು ಉಕ್ಕಿದ್ದು, ಸೊಂಟದ ಪೆಟ್ಟಿಗೆ, ಡಾಕ್ಟರು, ಪೇಸ್‌ಮೇಕರ್, ಅಯಸ್ಕಾಂತ. ಅಷ್ಟು ದಿನ ಬೆಟ್ಟದಂತೆ ನಿಂತದ್ದು ಹೇಳುವಾಗ ನಾಲ್ಕು ಮಾತಿನಲ್ಲಿ ಮುಗಿದುಹೋಯಿತು.

"ಮೊದಲು ಆ ಬಾಗಿಲಿಂದ ಈಚೆ ಬನ್ನಿ" ಎಂದರು ಮೇಡಂ.

"ಇನ್ನೂ ಹಾಕಿಲ್ಲ ಮೇಡಂ. ಅಯಸ್ಕಾಂತ ಈಗ ನನಗೇನೂ ಮಾಡಲ್ಲ."

"ಅಯಸ್ಕಾಂತದ ಮಾತು ಯಾರು ಆಡಿದ್ರು? ಅಲ್ಲಿ ನಿಂತು ಎಚ್ಚರ ತಪ್ಪಿದ್ರೆ ಎಲ್ಲಿಗೆ ಬೀಳ್ತೀರಿ, ಯೋಚನೆ ಮಾಡಿದ್ದೀರಾ?"

ಅವಳು ಯೋಚನೆ ಮಾಡಿರಲಿಲ್ಲ. ಅಷ್ಟು ದಿನವೂ ಕನ್ನಡಿಗೆ ಏನಾದೀತೆಂದಷ್ಟೇ ಯೋಚಿಸಿದ್ದಳು. ಈಚೆ ಬಂದು ಬೆಂಚಿನ ಮೇಲೆ ಕುಳಿತಳು.

ಕನ್ನಡಿಯನ್ನು ಇಳಿಸಿ, ತೊಳೆದು, ಗಾಜು ಕೋಣೆಯ ತಂಪಿಗೆ ಒಗ್ಗುವವರೆಗೆ ಕಾದು, ಅಳೆಯಬೇಕು. ಆ ಕಾಯುವಿಕೆಯಲ್ಲಿ ಯಾರೂ ಅವಳೊಡನೆ ಜೋರಾಗಿ ಮಾತಾಡಲಿಲ್ಲ. ರೋಗಿಯ ಕೋಣೆಯಲ್ಲಿ ಇರುವಂತಿದ್ದರು. ಅದೇ ಅವಳಿಗೆ ಸಹಿಸಲಾಗಲಿಲ್ಲ. ಕಡೆಗೆ ಅಳತೆ ಕೋಣೆಯ ಪರದೆಯ ಮೇಲೆ ಬಣ್ಣಗಳು ಮೂಡಿದವು.

"ಸರಿಯಾಗೇ ಮಗುಚಿದ್ದೀಯ ತಂಗಿ!" ಅಳತೆಯಣ್ಣ ಕುರ್ಚಿಯಿಂದ ಎದ್ದೇಬಿಟ್ಟ. "ನೋಡು, ಸವರಿದ ಕಡೆ ಉಬ್ಬು ಇಳಿದಿದೆ! ನಾನು ಹೇಳ್ಲಿಲ್ವಾ?" ಮರುಕ್ಷಣ ಅವನ ದನಿ ಇಳಿಯಿತು. ಚಿತ್ರದ ನಡುವೆ, ಮಡಿಸಿಟ್ಟ ಬಟ್ಟೆಯ ಗೆರೆಯಂತೆ, ಯಂತ್ರ ನಿಂತ ಜಾಗದಲ್ಲಿ ಒಂದು ಮೆಟ್ಟಿಲು ನೆಟ್ಟಗೆ ಎದ್ದು ಕಾಣುತ್ತಿತ್ತು.

ಅವಳು ನಿಲ್ಲಿಸದೆ ಸುಮ್ಮನಿದ್ದಿದ್ದರೆ ಕನ್ನಡಿ ಅಂದೇ ಮುಗಿಯುತ್ತಿತ್ತು. ಅಲ್ಲಿದ್ದ ಮೂವರಿಗೂ ಅದು ಒಟ್ಟಿಗೆ ಹೊಳೆಯಿತು.

"ಇನ್ನೆರಡು ಮೂರು ಸುತ್ತಿಗೆ ಹೋಗುತ್ತೆ" ಎಂದರು ಮೇಡಂ ಕೊನೆಗೆ. "ಕೇಳೋರಿಗೆ ನಾನು ಹೇಳ್ಕೊಳ್ತೀನಿ. ನೀವು ಆಸ್ಪತ್ರೆಗೆ ಯಾವತ್ತು ಹೋಗ್ತೀರಿ, ಅದನ್ನ ಹೇಳಿ."

"ಯಂತ್ರ ಯಾರು ನೋಡ್ತಾರೆ ಮೇಡಂ?"

"ಅದನ್ನೂ ನಾನೇ ಹೇಳ್ತೀನಿ. ನಿಮ್ಮ ತಾರೀಕು ಹೇಳಿ."

ಅವಳ ಜಾಗಕ್ಕೆ ಕಳಿಸಿದ್ದು ಒರಟು ಅರೆಯುವ ವಿಭಾಗದ ಒಬ್ಬನನ್ನು. ಎಮ್ಮೆಯಂಥ ಆಳು, ಅಷ್ಟೇ ಸಾಧು. ಆಸ್ಪತ್ರೆಗೆ ಹೋಗುವ ಮುಂಚಿನ ಕೆಲವು ದಿನ ಅವಳು ನೆಲದ ಮೇಲೆ ಎಳೆದ ಗೆರೆಯ ಈಚೆ ಕುರ್ಚಿ ಹಾಕಿಕೊಂಡು ಅವನಿಗೆ ಕಲಿಸಿದಳು. ಗೆರೆ ದಾಟಬಾರದೆಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಒಮ್ಮೆ ಅವನು ಕೊಳವೆಯ ಮೂತಿಯನ್ನು ಓರೆಯಾಗಿ ಕೂರಿಸುತ್ತಿರುವುದನ್ನು ಕಂಡು ತನಗರಿವಿಲ್ಲದೆ ಎದ್ದು ಎರಡು ಹೆಜ್ಜೆ ಹೋದಳು. "ಅಕ್ಕಾ!" ಎಂದು ನಾಲ್ಕು ಕಡೆಯಿಂದ ಕೂಗು ಬಂತು. ಅವಳು ನಾಚಿ ಹಿಂದೆ ಬಂದು ಕುಳಿತಳು. ಆ ಮಧ್ಯಾಹ್ನವೆಲ್ಲ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದಳು.

"ನನ್ನ ಕೈಗೆ ಸಿಕ್ಕಿದ್ದು ಯಾವತ್ತೂ ನುಣ್ಣಗಾಗಿಲ್ಲ ಅಕ್ಕ" ಎಂದ ಅವನು ಬೆವರು ಒರೆಸಿಕೊಂಡು. "ಬೇಕಾದ್ರೆ ನನ್ನ ಹೆಂಡತೀನ ಕೇಳಿ. ಇದೆಲ್ಲ ನನ್ನಿಂದ ಆಗುತ್ತಾ?"

"ನನಗೂ ಹೀಗೇ ಅನಿಸಿತ್ತು."

"ನಿಮಗೆ ಯಾರು ಹೇಳಿಕೊಟ್ರು?"

"ನನ್ನ ಕೈಯಲ್ಲಿ ಹಾಳಾದ ಗಾಜುಗಳು" ಎಂದಳು. ಅವನ ಮುಖ ಇನ್ನಷ್ಟು ಬಾಡಿತು. ಹಾಗೆ ಹೇಳಬಾರದಿತ್ತೆಂದು ಅವಳಿಗೆ ಮನೆ ಸೇರುವವರೆಗೂ ಕೊರೆಯಿತು. ಹೇಳಬೇಕಾದ್ದು ಇನ್ನೂ ಎಷ್ಟೋ ಇತ್ತು. ಸ್ನಾನ ಮಾಡುವಾಗ ಒಂದು ನೆನಪಾಗುವುದು, ಬಟ್ಟೆ ಒಣಗಿಸುವಾಗ ಇನ್ನೊಂದು.

ಆಸ್ಪತ್ರೆಗೆ ಹೋದ ದಿನ ಗಂಡ ಬಾಗಿಲವರೆಗೂ ಒಂದೇ ಸಮನೆ ಮಾತಾಡುತ್ತ ಬಂದ. ಒಳಗಿನ ಕೋಣೆಯಲ್ಲಿ ತಣ್ಣನೆಯ ಮೇಜು, ಮೇಲೆ ದೊಡ್ಡ ದೀಪ. ಎಚ್ಚರವಿರುವಾಗಲೇ, ಭುಜದ ಕೆಳಗಿನ ಜಾಗವನ್ನಷ್ಟೇ ಮರಗಟ್ಟಿಸಿ ಪೇಸ್‌ಮೇಕರ್ ಹಾಕುತ್ತಾರಂತೆ. ಭುಜದಿಂದ ಮುಖದವರೆಗೆ ಹಸಿರು ಬಟ್ಟೆಯ ಗುಡಾರ ಕಟ್ಟಿದರು. ನಾದಿನಿ ಅಲ್ಲಿಯವಳೇ ಆದ್ದರಿಂದ ತಲೆಯ ಬಳಿ ನಿಲ್ಲಲು ಬಿಟ್ಟಿದ್ದರು. ಕಾರ್ಖಾನೆಯಲ್ಲಿ ಅದೇ ಹೊತ್ತಿಗೆ ಒರಟು ವಿಭಾಗದ ಆ ಆಳು ಮೆಟ್ಟಿಲು ಅಳಿಸುವ ಮೊದಲ ಸುತ್ತನ್ನು ನಡೆಸುತ್ತಿದ್ದ.

"ಹೆದರ್ಬೇಡ ಅತ್ತಿಗೆ."

"ಹೆದರ್ತಿಲ್ಲ" ಎಂದಳು ಅವಳು. ಆಮೇಲೆ ಥಟ್ಟನೆ ತಲೆಯೆತ್ತಲು ಹೋದಳು. "ಅಯ್ಯೋ! ಪಂಪ್!"

"ಏನು ಪಂಪ್?"

"ದ್ರವದ ಪಂಪ್ ಕಣೆ. ಊಟಕ್ಕೆ ಹೋಗುವಾಗ ಒರಟು ವಿಭಾಗದವರು ಎಲ್ಲ ಆರಿಸಿ ಹೋಗ್ತಾರೆ, ಅದು ಅವರ ಪದ್ಧತಿ. ಇದನ್ನ ಆರಿಸೋ ಹಾಗಿಲ್ಲ. ಹರೀತಾ ಇರ್ಬೇಕು. ನಿಂತ್ರೆ ಕಬ್ಬಿಣ ಎಲ್ಲ ತಳಕ್ಕೆ ಕೂತು ಕೊಳವೆ ಕಟ್ಟಿಕೊಳ್ಳುತ್ತೆ. ನಾನು ಹೇಳೇ ಇಲ್ಲ ಅವನಿಗೆ! ಒಂದು ಫೋನ್ ಮಾಡೇ."

"ಮೊದಲು ನಿನ್ನ ಪಂಪ್ ರಿಪೇರಿ ಆಗ್ಲಿ, ಸುಮ್ನೆ ಮಲಗು."

"ಈಗ ಊಟದ ಹೊತ್ತು. ಹೋಗೇ, ನಿನ್ನ ಕಾಲಿಗೆ ಬೀಳ್ತೀನಿ."

ಡಾಕ್ಟರು ಹಸಿರು ಬಟ್ಟೆಯ ಆಚೆಯಿಂದ, "ಹೋಗಿ ಬಂದುಬಿಡಿ ಸಿಸ್ಟರ್. ಪರದೆ ಮೇಲೆ ಇವರ ಬಡಿತ ಹೇಗೆ ಕುಣೀತಿದೆ ನೋಡಿ. ಇದಕ್ಕಿಂತ ಫೋನ್ ವಾಸಿ" ಎಂದರು.

ನಾದಿನಿ ಗೊಣಗುತ್ತ ಹೋದಳು. ಅವಳು ಬರುವವರೆಗೆ ಕನ್ನಡಿಯಕ್ಕ ಮುಖದ ಮೇಲಿನ ಬಟ್ಟೆಯ ನೇಯ್ಗೆಯನ್ನೇ ನೋಡಿದಳು. ಎಳೆಗಳು ಒಂದೆಡೆ ಒತ್ತಾಗಿದ್ದವು, ಇನ್ನೊಂದೆಡೆ ಸಡಿಲ.

"ಓಡ್ತಾ ಇದೆಯಂತೆ" ಎಂದಳು ನಾದಿನಿ ಬಂದು. "ಆರಿಸೋಕೆ ಧೈರ್ಯ ಬರ್ಲಿಲ್ವಂತೆ ಅವನಿಗೆ. ಏನು ಮುಟ್ಟಿದ್ರೆ ಏನಾಗುತ್ತೋ ಅಂತ ಊಟದ ಡಬ್ಬೀನೂ ಅಲ್ಲಿಗೇ ತಂದು, ಯಂತ್ರದ ಮುಂದೆ ಕೂತೇ ತಿಂತಿದ್ದಾನಂತೆ."

ಕನ್ನಡಿಯಕ್ಕ ಉಸಿರು ಬಿಟ್ಟಳು. ಕಣ್ಣು ಮುಚ್ಚಿದಳು. ಮತ್ತೆ ತೆರೆದಳು.

"ಎಷ್ಟು ಹತ್ತಿರ ಕೂತಿದ್ದಾನೆ?"

"ನನಗೇನು ಗೊತ್ತು!"

"ಚಮಚ ಇದೆಯಾ ಕೈಯಲ್ಲಿ? ಬಾಗಿಲು ತೆರೆದು ಏನಾದ್ರೂ ಬಗ್ಗಿ ನೋಡಿದ್ರೆ ಚಕ್ರ ಚಮಚಾನ ಎಳ್ಕೊಳ್ಳುತ್ತೆ, ಪಟ್ಟಿ ಹರಿದು ಗಾಜಿಗೆ ತಗಲುತ್ತೆ. ಹೇಳು ಅವನಿಗೆ…"

"ಚಮಚದ ವಿಷಯ ಅವರು ನೋಡ್ಕೊಳ್ತಾರೆ" ಎಂದರು ಡಾಕ್ಟರು. "ಈಗ ಒಂದು ಚುಚ್ಚುತ್ತೆ. ಅಲುಗಾಡ್ಬೇಡಿ."

ಅವಳು ಅಲುಗಾಡಲಿಲ್ಲ. ಎಡ ಭುಜದ ಕೆಳಗೆ ಇರುವೆ ಕಚ್ಚಿದಂತಾಗಿ, ಆಮೇಲೆ ಆ ಜಾಗ ಮೆಲ್ಲಗೆ ತನ್ನದಲ್ಲವೆನಿಸತೊಡಗಿತು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಹೊರಗಿನ ಓಣಿಯಲ್ಲಿ ನಾದಿನಿ ಫೋನಿನಲ್ಲಿ ಕಿರುಚುತ್ತಿದ್ದದ್ದು ಕೇಳಿಸುತ್ತಿತ್ತು: "ಚಮಚ ರೀ, ಚಮಚ! ಹಾಂ, ಊಟ ಮಾಡೋ ಚಮಚಾನೇ! ಅದನ್ನ ಕೆಳಗಿಟ್ಟು ಕೈಯಲ್ಲಿ ತಿನ್ನಿ!"